ಮೂರನೇ ತಿಂಗಳ ಸ್ವಯಂಸೇವಕ

ಪುಣೆ ಜಿಲ್ಲೆಯ ಮಾಳೀಣ ಗ್ರಾಮದ ಮೇಲೆ 2014ರ ಜುಲೈ 30ರ ಬೆಳಿಗ್ಗೆ ಗುಡ್ಡ ಜರಿದು ಬಿದ್ದಾಗ ಸುದ್ದಿಯನ್ನು ಹೊರಗೆ ಮುಟ್ಟಿಸಿದವರು ಎಸ್.ಟಿ. ಬಸ್ಸಿನ ಚಾಲಕರು. ಎಂದಿನಂತೆ ಬಸ್ಸು ತಂದು ನೋಡಿದರೆ ಊರಿದ್ದಲ್ಲಿ ಊರಿಲ್ಲ. ಸತ್ತವರು 150ಕ್ಕೂ ಹೆಚ್ಚು. ಉಳಿದವರಿಗೆ ಹೊಸ ಮನೆಗಳು ಹಸ್ತಾಂತರವಾದದ್ದು 2017ರ ಏಪ್ರಿಲ್‌ನಲ್ಲಿ. ಗುಡ್ಡ ಜರಿಯಲು ಹಿಡಿದದ್ದು ಕೆಲವು ನಿಮಿಷ, ಸೂರಿಗಾಗಿ ಕಾದದ್ದು ಎರಡು ವರ್ಷ ಎಂಟು ತಿಂಗಳು. ಮುಂಬಯಿಗರ ಒಂದು ಒಳ್ಳೆಯ ಅಭ್ಯಾಸವನ್ನು ಈ ಲೆಕ್ಕ ಮುಂದಿಟ್ಟುಕೊಂಡೇ ನೋಡಬೇಕು. ಮಳೆಗಾಲದಲ್ಲಿ ಕೊಂಕಣದ ಮಹಾಡದಲ್ಲೋ ಚಿಪಳೂಣದಲ್ಲೋ ಅನಾಹುತವಾಯಿತೆಂದರೆ ದಾದರ್, ಠಾಣೆ, ಡೊಂಬಿವಲಿಗಳಿಂದ ಯುವಕರು ಟೆಂಪೊ ತುಂಬಿಕೊಂಡು ಹೊರಡುತ್ತಾರೆ. ಕೈಯಲ್ಲಿ ಕ್ಯಾಮೆರಾವೂ ಇರುತ್ತದೆ. ಅವರ ಕಳಕಳಿಯ ಬಗ್ಗೆ ಅನುಮಾನ ಬೇಡ. ಆದರೆ ಮೊದಲ ವಾರಕ್ಕಿಂತ ಮೂರನೇ ತಿಂಗಳಿಗೆ ಹೋಗುವವರ ಅಗತ್ಯ ದೊಡ್ಡದು, ಸಂತ್ರಸ್ತರ ಮುಖಕ್ಕಿಂತ ಪರಿಹಾರದ ಲೆಕ್ಕ ದಾಖಲಾಗುವುದು ಮುಖ್ಯ.

ಮೊದಲ ತಾಸುಗಳು ಯಾವತ್ತೂ ನೆರೆಹೊರೆಯವರವು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಕೊಲಾಬಾದಲ್ಲಿ ಬಿದ್ದದ್ದು 73 ಮಿ.ಮೀ. ಮಾತ್ರ. ಒಂದೇ ನಗರದ ದಕ್ಷಿಣದ ತುದಿಯಿಂದ ಉಪನಗರಕ್ಕೆ ನೆರವು ಬರಲಾಗದ ಆ ರಾತ್ರಿ, ಕುರ್ಲಾ, ಕಲೀನಾಗಳಲ್ಲಿ ಸಿಕ್ಕಿಬಿದ್ದವರನ್ನು ಮೇಲೆಳೆದದ್ದು, ಚಹಾ, ಬಿಸ್ಕತ್ತು ಕೊಟ್ಟು ಮನೆಯೊಳಗೆ ಮಲಗಿಸಿದ್ದು ಅಲ್ಲಿಯ ಚಾಳು, ಝೋಪಡಿಗಳ ಜನ. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದಾಗ ಇದೇ ಮಾತು ಇನ್ನೊಂದು ಬಗೆಯಲ್ಲಿ ಕಂಡಿತು. ಆ ಠಾಕರ್ ಆದಿವಾಸಿಗಳ ವಾಡಿಗೆ ವಾಹನ ಹೋಗುವ ರಸ್ತೆಯಿರಲಿಲ್ಲ, ಜೆಸಿಬಿ ಏರಲಿಲ್ಲ, ಮಳೆಯಲ್ಲಿ ಕಾಲು ಜಾರುವ ಕಡಿದಾದ ಹಾದಿಯಲ್ಲಿ ಹತ್ತಿ, ಗುದ್ದಲಿ, ಸಲಿಕೆ ಹಿಡಿದು ಕೈಯಿಂದಲೇ ಮಣ್ಣು ಬಗೆಯಬೇಕಾಯಿತು. ಅಂಥ ಹಾದಿಯಲ್ಲಿ ಕೆಲಸ ಗೊತ್ತಿಲ್ಲದ ಒಬ್ಬ ಹೆಚ್ಚಿದರೂ ಸ್ಟ್ರೆಚರ್ ಹಿಡಿದು ಇಳಿಯುವವರು ಬದಿಗೆ ನಿಲ್ಲಬೇಕು. 27 ಶವಗಳು ಸಿಕ್ಕವು, 57 ಮಂದಿ ಮಣ್ಣಿನಡಿಯಲ್ಲೇ ಉಳಿದರು. ಆ ಬಳಿಕವೂ ಬರುವ ಜನರನ್ನು ತಡೆಯಲು ಆಡಳಿತ ನಿಷೇಧಾಜ್ಞೆ ಹೊರಡಿಸಬೇಕಾಯಿತು. ನೆರವಿನ ವಸ್ತುಗಳ ಕಥೆಯೂ ಇಷ್ಟೇ. 2004ರ ಸುನಾಮಿಯ ನಂತರ ತಮಿಳುನಾಡಿನ ರಸ್ತೆಬದಿಗಳಲ್ಲಿ ಯಾರೂ ಉಡಲಾಗದ ಹಳೆಬಟ್ಟೆಗಳ ರಾಶಿಗಳೇ ಬಿದ್ದಿದ್ದವು. ಅವನ್ನು ಎತ್ತಿ ವಿಂಗಡಿಸುವುದೇ ‘ಗೂಂಜ್’ ಸಂಸ್ಥೆಗೆ ಪ್ರತ್ಯೇಕ ಕೆಲಸವಾಯಿತು.

ಮೂರನೇ ತಿಂಗಳಲ್ಲಿ ಚಿತ್ರವೇ ಬೇರೆ. ಟೆಂಪೊಗಳು ಬರುವುದು ನಿಂತಿರುತ್ತದೆ, ಕಾಗದಪತ್ರದ ಕಾಲ ಶುರುವಾಗಿರುತ್ತದೆ. ತಲಾಠಿ (ಗ್ರಾಮ ಲೆಕ್ಕಿಗ) ಬರೆದ ಪಂಚನಾಮೆಯಲ್ಲಿ ಮನೆ ‘ಪೂರ್ತಿ’ ಬಿದ್ದಿದೆಯೋ ‘ಭಾಗಶಃ’ ಬಿದ್ದಿದೆಯೋ ಎಂಬ ಒಂದು ಶಬ್ದದ ಮೇಲೆ ಪರಿಹಾರದ ಮೊತ್ತ ನಿಂತಿರುತ್ತದೆ. ಶವ ಸಿಗದವರ ಮರಣ ಪ್ರಮಾಣಪತ್ರ ಬೇಕು; ಅದಿಲ್ಲದೆ ಸಾತ್‌ಬಾರಾ ಎಂಬ ಜಮೀನು ದಾಖಲೆಯಲ್ಲಿ ವಾರಸುದಾರರ ಹೆಸರು ಏರದು. ರೇಶನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ಮಣ್ಣುಪಾಲು. ತಹಶೀಲ್ ಕಚೇರಿಯ ಬೆಂಚಿನ ಮೇಲೆ ಜತೆಗೆ ಕೂತು ಅರ್ಜಿ ಬರೆಯುವ, ಸ್ವೀಕೃತಿ ಕೇಳಿ ಪಡೆಯುವ, ಮುಂದಿನ ವಾರ ಮತ್ತೆ ವಿಚಾರಿಸುವ ಒಬ್ಬರು ಆಗ ಹತ್ತು ಕಂಬಳಿಗಿಂತ ಹೆಚ್ಚು. ಈ ವಿದ್ಯೆ ಮುಂಬಯಿಯ ಗುಮಾಸ್ತರು, ಶಿಕ್ಷಕರು, ಬ್ಯಾಂಕ್ ನೌಕರರಿಗೆ ಕರಗತ. ದಾಖಲೀಕರಣಕ್ಕೆ ಅರ್ಥ ಬರುವುದೂ ಇಲ್ಲೇ: ಏನು ಘೋಷಣೆಯಾಯಿತು, ಯಾರಿಗೆ ಮುಟ್ಟಿತು, ಯಾರ ಹೆಸರು ಬಿಟ್ಟುಹೋಯಿತು ಎಂಬ ತಾರೀಕುಸಹಿತ ಪಟ್ಟಿ.

ಚಿತ್ರಗಳಿಲ್ಲದೆ ಜನ ಕರಗುವುದಿಲ್ಲ, ಸರಕಾರ ಕದಲುವುದಿಲ್ಲ ಎಂಬ ಆಕ್ಷೇಪವಿದೆ. ಅದಕ್ಕೆ ಇತಿಹಾಸದ ಬಲವೂ ಇದೆ. 1943ರ ಬಂಗಾಳದ ಬರಗಾಲದಲ್ಲಿ ಸುನಿಲ್ ಜಾನಾ ತೆಗೆದ ಛಾಯಾಚಿತ್ರಗಳು ಮುಂಬಯಿಯಿಂದ ಹೊರಡುತ್ತಿದ್ದ ‘ಪೀಪಲ್ಸ್ ವಾರ್’ ಪತ್ರಿಕೆಯಲ್ಲಿ ಅಚ್ಚಾದವು, ಮಿಡ್ನಾಪುರ ಸುತ್ತಿ ಚಿತ್ರಕಾರ ಚಿತ್ತಪ್ರಸಾದ್ ರಚಿಸಿದ ‘ಹಂಗ್ರಿ ಬೆಂಗಾಲ್’ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಆಡಳಿತ ಹುಡುಕಿ ಸುಟ್ಟಿತು. ಆದರೆ ಆ ಇಬ್ಬರು ಕಲಾವಿದರು ಬಯಲಿಗೆಳೆದದ್ದು ಆಳುವವರು ಬಚ್ಚಿಡುತ್ತಿದ್ದ ಸಂಗತಿಯನ್ನು. ಇಂದು ಗುಡ್ಡ ಕುಸಿದ ತಾಸಿನೊಳಗೆ ದೃಶ್ಯ ಎಲ್ಲರ ಮೊಬೈಲಿನಲ್ಲಿರುತ್ತದೆ. ಕಣ್ಣಿಗೆ ಬೀಳದೆ ಉಳಿಯುವುದು ನಂತರದ ವಿಳಂಬ. ಚಿತ್ತಪ್ರಸಾದರ ದಾರಿಯಲ್ಲಿ ನಡೆಯುವವರು ಬಚ್ಚಿಟ್ಟದ್ದನ್ನು ಹುಡುಕಬೇಕೇ ಹೊರತು ಅಳುವವರನ್ನಲ್ಲ. ಆಪತ್ತಿಗೆ ಸಿಲುಕಿದವರನ್ನು ಘನತೆಯುಳ್ಳ ಮನುಷ್ಯರಂತೆ ತೋರಿಸಬೇಕು, ದಿಕ್ಕೆಟ್ಟ ವಸ್ತುಗಳಂತಲ್ಲ ಎಂದು ರೆಡ್ ಕ್ರಾಸ್ 1994ರ ನೀತಿಸಂಹಿತೆಯ ಹತ್ತನೇ ಅಂಶದಲ್ಲೇ ಹೇಳಿದೆ.

ಇನ್ನೊಂದು ಆಕ್ಷೇಪ, ಮೂರು ತಿಂಗಳಲ್ಲಿ ಮನಸ್ಸು ತಣ್ಣಗಾಗುತ್ತದೆ, ಬಿಸಿಯಿದ್ದಾಗಲೇ ಹೋಗಬೇಕು ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. 2021ರ ಜುಲೈ 22ರ ಪ್ರವಾಹ ಇಳಿದ ಮೇಲೆ ಚಿಪಳೂಣದ ಮನೆ, ಅಂಗಡಿಗಳ ತುಂಬ ಕೆಸರು. ಅಲ್ಲಿ ಸಲಿಕೆ ಹಿಡಿಯುವ ಕೈಗಳು ಕೂಡಲೇ ಬೇಕಾಗಿದ್ದವು. ಅಂದಮೇಲೆ ನಿಯಮ ಕ್ಯಾಲೆಂಡರಿನದಲ್ಲ, ಕರೆಯದು: ಅಲ್ಲಿಯವರು ಇಂಥ ಕೆಲಸಕ್ಕೆ ಇಷ್ಟು ಜನ ಬನ್ನಿ ಎಂದರೆ ಹೋಗಬೇಕು, ಇಲ್ಲವಾದರೆ ಹಣ ಕಳಿಸಿ ಕಾಯಬೇಕು. ಮೂರು ತಿಂಗಳು ಕಾಯಲಾರದ ಕಳಕಳಿ ಎರಡು ವರ್ಷ ಎಂಟು ತಿಂಗಳು ಕಾದವರಿಗೆ ಎಷ್ಟು ಒದಗೀತು? ಹೊರಡುವವರು ಈಗಲೇ ದೀಪಾವಳಿಯ ನಂತರದ ಒಂದು ವಾರದ ರಜೆ ಬರೆದುಹಾಕಲಿ. ತಹಶೀಲ್ ಕಚೇರಿಯ ಬೆಂಚು ಆಗಲೂ ತುಂಬಿಯೇ ಇರುತ್ತದೆ.