ಅಜ್ಜನ ಬಿಪಿ ಮಾತ್ರೆ ಬೆಕ್ಕಿಗಲ್ಲ



ವಿಕ್ರೋಳಿಯ ನಮ್ಮ ಕನ್ನಡ ಮನೆಗಳಲ್ಲಿ ಹಿರಿಯರ ಬಿಪಿ ಮಾತ್ರೆಯ ಡಬ್ಬಿ ಸಾಮಾನ್ಯ. ಈಗ ಎಷ್ಟೋ ಮನೆಗಳಲ್ಲಿ ಬೆಕ್ಕು, ನಾಯಿಯೂ ಇವೆ. ವಯಸ್ಸಾದಂತೆ ಅವುಗಳಿಗೂ ಬಿಪಿ ಬರುತ್ತದೆ. ಬೆಕ್ಕಿಗೆ ಪಶುವೈದ್ಯರು ಹೆಚ್ಚಾಗಿ ಬರೆಯುವುದೂ ಅಜ್ಜ ನುಂಗುವ ಅದೇ ಆಮ್ಲೋಡಿಪಿನ್. ಹಾಗಂತ ಡಾಕ್ಟರ ಫೀಸು ಉಳಿಸಲು ಅಜ್ಜನ ಡಬ್ಬಿಗೆ ಕೈಹಾಕುವುದು ಶುದ್ಧ ತಪ್ಪು ಎಂದೇ ನಾನು ಹೇಳುತ್ತೇನೆ.

ಲೆಕ್ಕ ನೋಡಿ. ಬೆಕ್ಕಿಗೆ ಸಾಮಾನ್ಯವಾಗಿ ಶುರುಮಾಡುವುದು ದಿನಕ್ಕೆ 0.625 ಮಿ.ಗ್ರಾಂ., ಅಂದರೆ 2.5 ಮಿ.ಗ್ರಾಂ. ಮಾತ್ರೆಯ ಕಾಲು ಭಾಗ. ಅಜ್ಜನ 5 ಮಿ.ಗ್ರಾಂ. ಮಾತ್ರೆ ಇಡಿಯಾಗಿ ಕೊಟ್ಟರೆ ಅದರ ಎಂಟು ಪಟ್ಟು! ಬಿಪಿ ಕುಸಿದು ಪ್ರಾಣಿ ನಿತ್ರಾಣವಾಗಿ ಬೀಳುತ್ತದೆ, ಜೀವಕ್ಕೇ ಅಪಾಯ. ಅಜ್ಜನ ಮಾತ್ರೆಯಲ್ಲಿ ಅಟೆನೊಲಾಲ್‌ನಂಥ ಇನ್ನೊಂದು ಔಷಧವೂ ಸೇರಿರಬಹುದು.

ಹಾಗೆಂದು ಬಿಪಿಯನ್ನು ಕಡೆಗಣಿಸುವಂತೆಯೂ ಇಲ್ಲ. ಮುದಿ ಬೆಕ್ಕಿನಲ್ಲಿ ಇದರ ಹಿಂದೆ ಬಹಳ ಸಲ ಕಿಡ್ನಿ ಅಥವಾ ಥೈರಾಯ್ಡ್ ತೊಂದರೆ ಇರುತ್ತದೆ. ಬೆಕ್ಕು ಇದ್ದಕ್ಕಿದ್ದಂತೆ ಗೋಡೆಗೆ ಡಿಕ್ಕಿ ಹೊಡೆದರೆ, ಬೆಳಕಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇದ್ದರೆ, "ವಯಸ್ಸಾಯ್ತು ಬಿಡಿ" ಅನ್ನಬೇಡಿ. ಕಣ್ಣಿನ ಒಳಪದರ ಕಳಚಿರಬಹುದು. ಅದೇ ದಿನ ತೋರಿಸಿ.

ನೆನಪಿಡಿ:

✅ ಅಳೆಯದೆ ಮಾತ್ರೆ ಬೇಡ. ಹೆದರಿದ ಪ್ರಾಣಿಯ ಬಿಪಿ ಏರುತ್ತದೆ. ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಲು ಬಿಟ್ಟು, ಹಲವು ಸಲ ಅಳೆಯಬೇಕು. ಮೇಲಿನ ಅಂಕಿ ಮತ್ತೆ ಮತ್ತೆ 160 ದಾಟಿದರೆ ಚಿಂತಿಸಬೇಕಾದ ವಿಷಯ.

✅ ನಾಯಿಯ ದಾರಿ ಬೇರೆ. ಬಹಳ ಸಲ ಮೊದಲು ಎನಲಾಪ್ರಿಲ್ ಗುಂಪಿನ ಔಷಧ ಕೊಟ್ಟು, ಬೇಕಾದರೆ ಆಮ್ಲೋಡಿಪಿನ್ ಸೇರಿಸುತ್ತಾರೆ. ದೀರ್ಘಕಾಲ ಕೊಟ್ಟರೆ ಕೆಲವು ನಾಯಿಗಳ ವಸಡು ದಪ್ಪಗಾಗಿ ಬೆಳೆಯುತ್ತದೆ. ಆಗಾಗ ಬಾಯಿ ನೋಡುತ್ತಿರಿ.

✅ ಒಂದು ಹೊತ್ತು ಮರೆತರೆ ಮರುದಿನ ಎರಡು ಪಾಲು ಕೊಡಬೇಡಿ. ಪ್ರಾಣಿ ಚುರುಕಾಯಿತೆಂದು ನೀವಾಗಿಯೇ ನಿಲ್ಲಿಸಲೂಬೇಡಿ. ಊರಿಗೆ ಹೊರಟರೆ, ನೋಡಿಕೊಳ್ಳುವವರಿಗೆ ಮಾತ್ರೆ, ಹೊತ್ತು ಎರಡನ್ನೂ ಬರೆದುಕೊಡಿ.

✅ ಪ್ರಾಣಿಯ ಮಾತ್ರೆಗೆ ಬೇರೆ ಡಬ್ಬಿ, ಮೇಲೆ ಹೆಸರು. ಅಜ್ಜನ ಕೈಯಿಂದ ಜಾರಿದ ಮಾತ್ರೆಯನ್ನು ನಾಯಿ ನುಂಗಿದರೆ ಲಕ್ಷಣಕ್ಕಾಗಿ ಕಾಯದೆ, ಮಾತ್ರೆಯ ಪಟ್ಟಿ ಹಿಡಿದು ಆಸ್ಪತ್ರೆಗೆ ಓಡಿ.

ಹತ್ತಿರದಲ್ಲಿ ಪಶುವೈದ್ಯರು ಸಿಗದಿದ್ದರೆ, ನಮ್ಮ ಸೆಂಟ್ರಲ್ ಲೈನಿನ ಪರೇಲ್‌ನಲ್ಲೇ ಹತ್ತೊಂಬತ್ತನೇ ಶತಮಾನದಿಂದ ಪ್ರಾಣಿಗಳನ್ನು ನೋಡುತ್ತಿರುವ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ ಇದೆ.

ಮಾತ್ರೆ ಒಂದೇ ಇರಬಹುದು. ಎಷ್ಟು ಕೊಡಬೇಕು, ಕೊಡಲೇಬೇಕೇ ಎಂಬುದನ್ನು ಹೇಳಬೇಕಾದವರು ಪಶುವೈದ್ಯರು. ಬಾಯಿಲ್ಲದ ಜೀವ ತಲೆಸುತ್ತುತ್ತಿದೆ ಎಂದು ಹೇಳಲಾರದು.

ಸಾಕುಪ್ರಾಣಿ ಇರುವ ನಿಮ್ಮ ಬಂಧುಗಳಿಗೂ ಇದನ್ನು ಕಳುಹಿಸಿ. 🙏