ಬುತ್ತಿಯೋ, ಖಾನಾವಳಿಯೋ?

ಅಂಕಲಗಿ ಬೆಳಗಾವಿ-ಗೋಕಾಕ ರಸ್ತೆಯ ಮೇಲಿನ ಊರು. ಬೆಳಗಿನ ಬಸ್ಸು ಹತ್ತುವವರಲ್ಲಿ ಶಾಲೆ, ಬ್ಯಾಂಕು, ಕಚೇರಿ, ಅಂಗಡಿ, ದವಾಖಾನೆಗೆ ಹೋಗುವವರು ಬಹಳ. ಕೆಲವರ ತೊಡೆಯ ಮೇಲೆ ಬುತ್ತಿ ಚೀಲ ಇರುತ್ತದೆ. ಉಳಿದವರು ಮಧ್ಯಾಹ್ನ ಯಾವುದಾದರೂ ಖಾನಾವಳಿ ಹೊಕ್ಕು ಕೂರುವವರು. ದುಡಿಯುವವರ ಮಧ್ಯಾಹ್ನದ ಊಟ ಮನೆಯ ಬುತ್ತಿಯೇ ಆಗಬೇಕೆ? ಈ ಪ್ರಶ್ನೆಯನ್ನು ಇಬ್ಬರ ಮುಂದಿಟ್ಟೆವು. ಒಬ್ಬರು ಹೈಸ್ಕೂಲಿನ ಮಾಸ್ತರರು, ಇನ್ನೊಬ್ಬರು ಗೋಕಾಕದಲ್ಲಿ ನೌಕರಿ ಮಾಡುವ ಅಕ್ಕಾವರು. ಇಬ್ಬರಿಗೂ ಒಂದು ಕರಾರು ಹಾಕಿದ್ದೆವು: ‘ಮನೆಯ ಊಟ ಅಮೃತ’ ಎಂಬ ಮಾತು ಬೇಡ, ‘ಕಾಲ ಬದಲಾಗಿದೆ’ ಎಂಬುದೂ ಬೇಡ. ಆ ಎರಡೂ ಮಾತು ಆಡಿದ ಮೇಲೆ ವಾದ ಮುಂದೆ ಸಾಗುವುದಿಲ್ಲ.

ಪರ: ಬುತ್ತಿಯೇ ಇರಲಿ

ರೊಟ್ಟಿಯಿಂದಲೇ ಸುರು ಮಾಡುತ್ತೇನೆ. ಜೋಳದ ಹಿಟ್ಟಿನಲ್ಲಿ ಗೋಧಿಯಂಥ ಜಿಗುಟಿಲ್ಲ. ಅದಕ್ಕೇ ಬಿಸಿನೀರು ಹಾಕಿ ನಾದಬೇಕು, ಲಟ್ಟಿಸದೆ ಕೈಯಿಂದ ಬಡಿಯಬೇಕು. ಹಂಚಿನಿಂದ ಇಳಿದಾಗ ಅದು ಮೆತ್ತಗಿರುತ್ತದೆ, ಆರಿದಂತೆಲ್ಲ ಬಿರುಸಾಗುತ್ತದೆ. ಈ ಬಿರುಸನ್ನು ನಮ್ಮ ಹಿರಿಯರು ದೋಷವೆಂದು ಬಿಡಲಿಲ್ಲ. ಇನ್ನಷ್ಟು ತೆಳ್ಳಗೆ ಬಡಿದು, ನೀರಿನಂಶ ಪೂರಾ ಆರಿಸಿ ಕಟಕ ರೊಟ್ಟಿ ಮಾಡಿದರು. ಅದು ವಾರಗಟ್ಟಲೆ ಕೆಡುವುದಿಲ್ಲ. ಅದರ ಜೋಡಿಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಯಾವುದಕ್ಕೂ ನೀರು ತಾಗಿಸುವುದಿಲ್ಲವಾದ್ದರಿಂದ ಅವೂ ಕೆಡುವುದಿಲ್ಲ. ಕೆಂಪು ಮೆಣಸಿನಕಾಯಿಯ ರಂಜಕಕ್ಕೆ ಉಪ್ಪು, ಹುಳಿಯೇ ಕಾವಲು. ಒಂದು ಹಸಿ ಉಳ್ಳಾಗಡ್ಡಿ ಗುದ್ದಿಕೊಂಡರೆ ಊಟ ಮುಗಿಯಿತು. ಹೊಲ ಮನೆಯಿಂದ ದೂರ ಇದ್ದವರು, ಎತ್ತು ಬಿಟ್ಟು ಬಂದು ಉಣ್ಣಲಾಗದವರು ಕಟ್ಟಿದ ಅಡುಗೆ ಇದು. ಹೊರಗೆ ಕೂತು ಉಣ್ಣಲೆಂದೇ ಹುಟ್ಟಿದ ಊಟವನ್ನು ಮನೆಯಲ್ಲೇ ಬಿಟ್ಟು, ಹೊರಗೆ ಹೋಗಿ ದುಡ್ಡು ಕೊಟ್ಟು ಅದನ್ನೇ ತಿನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಬುತ್ತಿಯನ್ನು ಬಡತನದ ಗುರುತು ಎಂದು ನೋಡುವವರೂ ಇದ್ದಾರೆ. ಧಾರವಾಡದಲ್ಲಿ ಓದುವ ಹುಡುಗರಿಗೆ ಹಳ್ಳಿಯಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿದ್ದ ಕಾಲವನ್ನು ಅವರು ನೆನೆಯಲಿ. ತಾಯಿ ಕಟ್ಟಿದ ಗಂಟನ್ನು ಊರಿನಲ್ಲಿ ಕಂಡಕ್ಟರರ ಕೈಗೆ ಕೊಟ್ಟರೆ ಅದು ಬಸ್‌ಸ್ಟ್ಯಾಂಡಿನಲ್ಲಿ ಮಗನ ಕೈ ಸೇರುತ್ತಿತ್ತು. ಹಾಗೆ ಉಂಡು ಓದಿದವರು ಎಷ್ಟೋ ಮಂದಿ ಸಾಹೇಬರಾದರು. ಮುಂಬಯಿಯಲ್ಲಿ 1890ರ ಹೊತ್ತಿಗೆ ಮಹಾದೇವ ಹಾವಜಿ ಬಚ್ಚೆ ಎಂಬವರು ನೂರರಷ್ಟು ಆಳುಗಳನ್ನು ಕಟ್ಟಿಕೊಂಡು ಡಬ್ಬಾ ಸಾಗಿಸಲು ಹೊರಟರು. ಅಷ್ಟು ದೊಡ್ಡ ಪಟ್ಟಣದಲ್ಲಿ, ಹೆಜ್ಜೆಗೊಂದು ಹೋಟೆಲಿದ್ದರೂ, ಜನ ಮನೆಯ ಡಬ್ಬಿಗಾಗಿ ಕಾಯುತ್ತಾರೆ. ಕಾಯಿದೆಗೂ ಈ ಸಂಗತಿ ಗೊತ್ತಿತ್ತು. 1948ರ ಕಾರ್ಖಾನೆ ಕಾಯ್ದೆಯ 47ನೇ ಕಲಮು, 150ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಕೆಲಸಗಾರರು ತಾವು ತಂದ ಊಟ ಉಣ್ಣಲು ಕುಡಿಯುವ ನೀರಿನ ಸಮೇತ ಒಂದು ಕೋಣೆ ಇರಬೇಕು ಎಂದು ಬರೆದಿತ್ತು. ತಂದ ಊಟಕ್ಕೂ ಒಂದು ಮಾನ ಇದೆ ಎಂಬುದು ಅದರ ಅರ್ಥ.

ಇನ್ನು ರುಚಿಯ ಮಾತು. ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ನಡುವೆ ಇಡುತ್ತೇವೆ. ಒಬ್ಬರ ಮನೆಯ ಪುಂಡಿಪಲ್ಯ, ಇನ್ನೊಬ್ಬರ ಝುಣಕದ ವಡಿ, ಮತ್ತೊಬ್ಬರ ಮಡಿಕಿಕಾಳಿನ ಪಲ್ಯ. ಯಾವ ಖಾನಾವಳಿಯ ತಾಟಿನಲ್ಲೂ ಅಷ್ಟು ಮನೆಗಳ ಕೈರುಚಿ ಒಮ್ಮೆಗೇ ಸಿಗದು. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗಂತೂ ಉಪ್ಪು-ಎಣ್ಣೆಯ ಲೆಕ್ಕ ಕೈಯಲ್ಲೇ ಇರುತ್ತದೆ. ದುಡ್ಡಿನ ಮಾತು ಎತ್ತುವುದಿಲ್ಲ, ಅದನ್ನು ಲೆಕ್ಕ ಹಾಕಲು ಯಾರಿಗೂ ಮಾಸ್ತರರು ಬೇಕಿಲ್ಲ.

ವಿರೋಧ: ಖಾನಾವಳಿಗೆ ಹೋಗೋಣ

ಮಾಸ್ತರರು ರೊಟ್ಟಿಯನ್ನು ಬಹಳ ಚೆಂದ ವರ್ಣಿಸಿದರು. ಬಿಸಿನೀರು ಹಾಕಿ ನಾದಬೇಕು, ಕೈಯಿಂದ ಬಡಿಯಬೇಕು ಎಂದರು. ಯಾರು ನಾದಬೇಕು, ಯಾವ ಹೊತ್ತಿಗೆ ಎದ್ದು ಬಡಿಯಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕಳೆಯುತ್ತಾರೆಂದೂ, ಗಂಡಸರಲ್ಲಿ ಮನೆಗೆಲಸಕ್ಕೆ ಕೈ ಹಾಕುವವರೇ ನೂರಕ್ಕೆ 26 ಮಂದಿ, ಅವರೂ ಕಳೆಯುವುದು 97 ನಿಮಿಷ ಎಂದೂ ಬಂದಿದೆ. ಏಳೂವರೆಯ ಬಸ್ಸಿಗೆ ಬುತ್ತಿ ಬೇಕೆಂದರೆ ಹಂಚು ಐದಕ್ಕೇ ಕಾಯಬೇಕು. ನಾನೂ ಅದೇ ಬಸ್ಸಿನವಳು. ಗಂಡನ ಡಬ್ಬಿ, ಮಕ್ಕಳ ಡಬ್ಬಿ, ಅತ್ತೆಗೆ ಮಧ್ಯಾಹ್ನಕ್ಕೆ ಮುಚ್ಚಿಟ್ಟ ಊಟ, ಎಲ್ಲ ಮುಗಿಸಿ ಕಡೆಗೆ ನನ್ನ ಡಬ್ಬಿಗೆ ಬೀಳುವುದು ಹಂಚಿಗೆ ಹತ್ತಿ ಹರಿದ ರೊಟ್ಟಿ. ಮಾಸ್ತರರು ಶಾಲೆಯಲ್ಲಿ ಹಂಚಿ ತಿನ್ನುವ ‘ಮನೆಗಳ ಕೈರುಚಿ’ಯಲ್ಲಿ ಮನೆ ಎಂಬುದನ್ನು ತೆಗೆದು ಅಲ್ಲಿ ಹೆಂಗಸು ಎಂದು ಓದಿಕೊಳ್ಳಿ.

ಎರಡನೆಯ ಮಾತು ಬಿಸಿಲಿನದು. ಕಟಕ ರೊಟ್ಟಿ, ಹಿಂಡಿ ಕೆಡುವುದಿಲ್ಲ, ಒಪ್ಪಿದೆ. ಆದರೆ ದಿನಾಲೂ ಅದನ್ನೇ ಯಾರು ತಿನ್ನುತ್ತಾರೆ? ಡಬ್ಬಿಯಲ್ಲಿ ಬದನೆಕಾಯಿ ಎಣ್ಣೆಗಾಯಿ ಇರುತ್ತದೆ, ಬ್ಯಾಳಿ ಇರುತ್ತದೆ, ಅನ್ನ ಇರುತ್ತದೆ. ಬೇಯಿಸಿದ್ದನ್ನು ಹಾಗೇ ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬೇಡಿ, ಇಡುವುದಾದರೆ 60 ಡಿಗ್ರಿಗಿಂತ ಬಿಸಿಯಾಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಡಬ್ಬಿ ಆರಕ್ಕೆ ಮುಚ್ಚಿ ಒಂದೂವರೆಗೆ ತೆರೆಯುವಂಥದ್ದು. ಬಿಸಿ ಪಲ್ಯ ಹಾಕಿ ಅವಸರದಲ್ಲಿ ಮುಚ್ಚಳ ಬಿಗಿದರೆ ಒಳಗೇ ಬೆವರುತ್ತದೆ. ಏಪ್ರಿಲ್ ತಿಂಗಳಲ್ಲಿ ಆ ಡಬ್ಬಿ ಬಿಚ್ಚಿದಾಗ ಬರುವ ವಾಸನೆ ಗೊತ್ತಿದ್ದವರಿಗೆ ಗೊತ್ತು. ನಮ್ಮಲ್ಲಿ ಒಂದು ಗಾದೆಯೇ ಇದೆಯಲ್ಲ: ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಬಹಳ ದಿನ ಬಾಳುವುದಿಲ್ಲ.

ಈಗ ಖಾನಾವಳಿಯ ಒಳಗೆ ಬನ್ನಿ. ಗೋಕಾಕದ ಸಂತೆ-ಕಚೇರಿಗೆ ಬಂದವರು ಹುಡುಕುವುದು ದೊಡ್ಡ ಬೋರ್ಡಿನ ಹೋಟೆಲನ್ನಲ್ಲ. ಅಡುಗೆಮನೆಯಿಂದ ಟಪಟಪ ಸಪ್ಪಳ ಬರುತ್ತಿದ್ದರೆ ಸಾಕು, ಒಳಗೆ ರೊಟ್ಟಿ ಬಡಿಯುತ್ತಿದ್ದಾರೆ ಎಂದರ್ಥ. ಕೂತ ತಕ್ಷಣ ಸ್ಟೀಲಿನ ತಾಟಿನಲ್ಲಿ ಉಳ್ಳಾಗಡ್ಡಿ, ಸೌತಿಕಾಯಿ, ಸೀಜನ್ನಿದ್ದರೆ ಮೆಂತೆ ಸೊಪ್ಪು ಇಲ್ಲವೇ ಹಕ್ಕರಕಿ. ಒಂದು ಚಮಚ ಶೇಂಗಾ ಹಿಂಡಿ, ಅದರ ಮೇಲೆ ಮೊಸರು. ಒಂದು ಕಾಳು ಪಲ್ಯ, ಒಂದು ಕಾಯಿಪಲ್ಯ. ರೊಟ್ಟಿ ಒಂದೊಂದಾಗಿಯೇ ಬರಬೇಕು. ನಾಲ್ಕನ್ನು ಒಮ್ಮೆಗೇ ತಂದು ಪೇರಿಸುವವನ ಖಾನಾವಳಿಗೆ ನಾನು ಎರಡನೇ ಸಲ ಹೋಗುವುದಿಲ್ಲ. ಉಬ್ಬಿದ ರೊಟ್ಟಿಯನ್ನು ಬೆರಳು ಸುಡುತ್ತಿರುವಾಗಲೇ ಮುರಿದು, ಎಣ್ಣೆಗಾಯಿಯ ಮಸಾಲೆ ಒರೆಸಿಕೊಂಡು ತಿಂದ ಮೇಲೆ, ಅನ್ನ ಬೇಕೇ ಎಂದು ಕೇಳಿದರೆ ಹೊಟ್ಟೆ ಬೇಡ ಎನ್ನುತ್ತದೆ, ನಾಲಿಗೆ ಸ್ವಲ್ಪ ಹಾಕು ಎನ್ನುತ್ತದೆ. ಕಡೆಗೆ ಜೀರಿಗೆ ಹಾಕಿದ ಮಜ್ಜಿಗೆ. ಅಷ್ಟು ಹೊತ್ತು ಯಾರಿಗೂ ಬಡಿಸದೆ, ಯಾರು ಉಂಡರು ಯಾರು ಬಿಟ್ಟರು ಎಂದು ನೋಡದೆ ಕೂತಿರುತ್ತೇನಲ್ಲ, ಆ ಸುಖಕ್ಕೆ ಬಿಲ್ಲಿನಲ್ಲಿ ದುಡ್ಡು ಹಿಡಿಯುವುದಿಲ್ಲ.

ಈ ಸುಖ ನಮಗೆ ಸುಲಭಕ್ಕೆ ಸಿಕ್ಕಿದ್ದಲ್ಲ. ಖಾನಾವಳಿ ಎಂದರೆ ಗಂಡಸರ ಜಾಗ, ಹೆಂಗಸು ಒಬ್ಬಳೇ ಹೋಗಿ ಕೂತರೆ ಎಲ್ಲರ ಕಣ್ಣು ಅವಳ ತಾಟಿನ ಮೇಲೆ. ಪರದೆ ಕಟ್ಟಿದ ‘ಫ್ಯಾಮಿಲಿ’ ಮೂಲೆಯೊಂದೇ ನಮ್ಮದಾಗಿತ್ತು. ಈಗ ನಾವು ನಾಲ್ಕೈದು ಜನ ಕೂಡಿ ಹೋಗುತ್ತೇವೆ, ಫ್ಯಾನಿನ ಕೆಳಗಿನ ಮೇಜೇ ಹಿಡಿಯುತ್ತೇವೆ.

ಮಾಸ್ತರರು ಮುಂಬಯಿಯ ಡಬ್ಬಾದವರನ್ನು ನೆನೆದರು. ಅದೇ ಮುಂಬಯಿಯಲ್ಲಿ ಗಿರಣಿ ಕೆಲಸಗಾರರಿಗೆ ಊಟ ಹಾಕಿ ಬದುಕಿದ ಖಾನಾವಳಿಯ ಹೆಂಗಸರೂ ಇದ್ದರು. ಸಾಲ ಕೊಟ್ಟವರ ಕೈಯಲ್ಲಿ ಸಿಕ್ಕು ನರಳುತ್ತಿದ್ದ ಅವರನ್ನು ಪ್ರೇಮಾ ಪುರವ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಒಟ್ಟುಗೂಡಿಸಿದರು, ಬ್ಯಾಂಕಿನ ಸಾಲ ಕೊಡಿಸಿದರು. ಮನೆಯಲ್ಲಿ ಬಡಿದರೆ ಲೆಕ್ಕಕ್ಕಿಲ್ಲದ ರೊಟ್ಟಿ, ಮಾರಿದರೆ ದುಡಿಮೆಯಾಗುತ್ತದೆ. ನಮ್ಮ ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಉತ್ತರ ಕರ್ನಾಟಕದ ಊರೂರಿನಲ್ಲಿ ಸಂಘದ ಹೆಂಗಸರು ರೊಟ್ಟಿ, ಹಿಂಡಿ ಮಾರಲು ನಿಂತರು. ಖಾನಾವಳಿಗೆ ಹೋಗುವ ಪ್ರತಿಯೊಬ್ಬರೂ ಅಂಥ ಒಬ್ಬಳ ಗಿರಾಕಿ. ಕಾಯ್ದೆಯ ಮಾತು ಬಂದರೆ, 47ರ ಹಿಂದೆ 46 ಎಂಬ ಕಲಮೂ ಇತ್ತು, ಮಾಸ್ತರರು ಅದನ್ನು ಹಾರಿಸಿದರು. 250ಕ್ಕಿಂತ ಹೆಚ್ಚು ಕೆಲಸಗಾರರಿದ್ದಲ್ಲಿ ಮಾಲಕರಿಂದ ಕ್ಯಾಂಟೀನನ್ನೇ ಮಾಡಿಸಲು ಸರಕಾರಕ್ಕೆ ಅದು ಅಧಿಕಾರ ಕೊಟ್ಟಿತ್ತು.

ಕಡೆಯದಾಗಿ ಒಂದು. ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹ ಸುರುವಾಯಿತು, ಆಮೇಲೆ ಹೈಸ್ಕೂಲಿಗೂ ಬಂತು. ಮಾಸ್ತರರ ಶಾಲೆಯ ಮಕ್ಕಳು ಬಿಸಿಯೂಟ ಉಣ್ಣುತ್ತಾರೆ, ಮಾಸ್ತರರು ಪಕ್ಕದ ಕೋಣೆಯಲ್ಲಿ ತಣ್ಣನೆಯ ಡಬ್ಬಿ ಬಿಚ್ಚುತ್ತಾರೆ. ಮಕ್ಕಳ ಬುತ್ತಿಯ ಭಾರ ತಾಯಂದಿರ ತಲೆಯಿಂದ ಇಳಿದದ್ದು ಒಳ್ಳೆಯದೇ ಆದರೆ, ದೊಡ್ಡವರದು ಇಳಿಯುವುದರಲ್ಲಿ ತಪ್ಪೇನು?

(ನಡುವೆ ಬಾಯಿ ಹಾಕುವುದು ಸರಿಯಲ್ಲ, ಆದರೂ ಹೇಳಿಬಿಡುತ್ತೇವೆ. ಖಾನಾವಳಿಯ ತಾಟನ್ನು ಅಷ್ಟು ವರ್ಣಿಸಿದ್ದು ವಾದದ ನಿಯಮಕ್ಕೆ ಹೊಂದುವುದಿಲ್ಲ, ಓದುವವರ ಬಾಯಲ್ಲಿ ನೀರು ತರಿಸಿ ಮತ ಕೇಳಿದಂತಾಯಿತು. ಆದರೆ ಕತ್ತರಿ ಹಾಕಲು ಮನಸ್ಸು ಬರಲಿಲ್ಲ.)

ಮಾಸ್ತರರ ಮರುಮಾತು

ಅಕ್ಕಾವರು ಹೇಳಿದ ಖಾನಾವಳಿ ಇರುವುದು ಗೋಕಾಕದ ಪೇಟೆಯಲ್ಲಿ. ಕಬ್ಬಿನ ಹೊಲದಲ್ಲಿ ಇದೆಯೇ? ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆ ಸುರುವಾದಾಗಿನಿಂದ ನಿಲ್ಲುವವರೆಗೆ ಕಬ್ಬು ಕಡಿಯುವ ಗ್ಯಾಂಗಿನವರು, ಉದ್ಯೋಗ ಖಾತರಿ ಕೆಲಸದಲ್ಲಿ ಮಣ್ಣು ಹೊರುವವರು, ಹೊಲದಲ್ಲಿ ಕಳೆ ತೆಗೆಯುವವರು, ಇವರೆಲ್ಲ ಮಧ್ಯಾಹ್ನ ಬದುವಿನ ಮೇಲೆ ಕೂತು ಬಿಚ್ಚುವುದು ಬುತ್ತಿಯನ್ನೇ. ದುಡಿಯುವವರ ಊಟ ಎಂದು ಪ್ರಶ್ನೆ ಕೇಳಿ, ಫ್ಯಾನಿನ ಕೆಳಗೆ ಕೂರುವವರ ಊಟದ ಬಗ್ಗೆ ಉತ್ತರ ಹೇಳಿದರೆ ಹೇಗೆ?

ಇನ್ನು ಖಾನಾವಳಿಯ ಹಂಚಿನ ಮುಂದೆ ಕೂತಾಕೆಯೂ ಹೆಂಗಸೇ. ನಮ್ಮ ಮನೆಯ ಹೆಂಗಸು ಒಂದು ಮನೆಯ ಮಂದಿಗೆ ಬಡಿದರೆ, ಆಕೆ ಅದೇ ಉರಿಯ ಮುಂದೆ ನೂರಾರು ಬಡಿಯುತ್ತಾಳೆ. ಪಗಾರ ಸಿಗುತ್ತದೆ, ನಿಜ. ಎಷ್ಟು ಎಂದು ಅಕ್ಕಾವರು ಬಿಲ್ಲು ಕೊಡುವಾಗ ಒಮ್ಮೆ ಒಳಗೆ ಹೋಗಿ ಕೇಳಿ ಬರಲಿ. ಐದಕ್ಕೆ ಏಳುವ ಮಾತು ನನಗೂ ನಾಟಿತು. ಅದಕ್ಕೆ ಮದ್ದು ಬುತ್ತಿ ಬಿಡುವುದಲ್ಲ, ಕಟ್ಟುವ ಕೈ ಬದಲಾಗುವುದು. ರೊಟ್ಟಿ ಬಡಿಯಲು ಬಾರದ ಗಂಡಸಿಗೆ ಕಟಕ ರೊಟ್ಟಿ ಕೊಂಡು ತಂದು, ಹಿಂಡಿ, ಮೊಸರು, ಸೌತಿಕಾಯಿ ಡಬ್ಬಿಗೆ ಹಾಕಿಕೊಳ್ಳಲು ಬಾರದೇ? ಅದಕ್ಕೆ ಒಲೆಯೇ ಬೇಕಿಲ್ಲ, ಏಪ್ರಿಲ್ ಬಿಸಿಲಿಗೂ ಅದು ಹೆದರುವುದಿಲ್ಲ.

ಅಕ್ಕಾವರ ಮರುಮಾತು

ಹೊಲದ ಮಾತು ಒಪ್ಪಿದೆ. ಬದುವಿನ ಮೇಲೆ ಕೂತವರಿಗೆ ಖಾನಾವಳಿಯ ಉಪದೇಶ ನಾನು ಮಾಡುವುದಿಲ್ಲ. ಆದರೆ ಅಲ್ಲಿ ಕಬ್ಬು ಕಡಿಯುವಾಕೆ ನಸುಕಿನಲ್ಲೆದ್ದು ಗಂಡನದೂ ತನ್ನದೂ ಬುತ್ತಿ ಕಟ್ಟಿಕೊಂಡು ಬಂದು, ಅವನಷ್ಟೇ ಕಡಿಯುತ್ತಾಳೆ ಎಂಬುದನ್ನೂ ಮಾಸ್ತರರು ಸೇರಿಸಬೇಕಿತ್ತು. ಹಂಚಿನ ಮುಂದಿನವಳ ಪಗಾರ ಕಡಿಮೆ ಎಂದರೆ ಹೆಚ್ಚು ಕೊಡಿಸೋಣ. ಮನೆಯಲ್ಲಿ ಬಡಿಯುವವಳಿಗೆ ಹೆಚ್ಚು ಕೊಡಿಸಿ ಎಂದು ಯಾರ ಮುಂದೆ ಹೋಗಿ ಕೇಳುವುದು?

ಗಂಡಸು ತಾನೇ ಕಟ್ಟಿಕೊಳ್ಳಲಿ ಎಂಬ ಮಾತು ಬಹಳ ಹಿಡಿಸಿತು. ಅಂಥ ಬುತ್ತಿಗೆ ನನ್ನ ವಿರೋಧವೇ ಇಲ್ಲ, ಬೇಕಾದರೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತೇನೆ. ಒಂದೇ ಸಂಶಯ. ಮಾಸ್ತರರ ಮನೆಯವರು ತವರಿಗೆ ಹೋದ ವಾರ ಸೌತಿಕಾಯಿ ಡಬ್ಬಿ ನಮಗೆಲ್ಲೂ ಕಾಣಲಿಲ್ಲ. ಏನೋ ಕೆಲಸದ ಮೇಲೆ ಗೋಕಾಕಕ್ಕೆ ಬಂದಿದ್ದರಂತೆ, ನಾವು ಊಟಕ್ಕೆ ಹೋದ ಖಾನಾವಳಿಯಲ್ಲೇ ಸಿಕ್ಕರು. ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡು, ಮೂರನೆಯದಕ್ಕೆ ಹುಡುಗನನ್ನು ಕರೆಯುವಾಗ ನಮ್ಮನ್ನು ನೋಡಿ, “ಬರ್ರಿ ಅಕ್ಕಾರ, ಕುಂಡ್ರ ಬರ್ರಿ, ಇಲ್ಲಿ ಪಲ್ಯ ಭಾಳ ಚಲೋ ಮಾಡ್ತಾರ” ಎಂದರು.