ಗೋಬಿ ಮಂಚೂರಿಯ ತವರು

ಭಾನುವಾರದ ಸಂಜೆ ಕಾಸರಗೋಡಿನ ಪೇಟೆಯ ಚೈನೀಸ್ ಹೋಟೆಲಿನಲ್ಲಿ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಒಂದೇ ಮೇಜಿಗೆ ಕುಳಿತ ಕುಟುಂಬಗಳು ಈಗ ಅಪರೂಪವಲ್ಲ. ಗೋಬಿ ಮಂಚೂರಿಯ ತಟ್ಟೆ ಬಂದೊಡನೆ ಮಕ್ಕಳ ಮಾತು ನಿಲ್ಲುತ್ತದೆ. ಬೆಳ್ಳುಳ್ಳಿಗೆ ಮೂಗು ಮುರಿಯುವ ಅಜ್ಜಿಯೂ ಎರಡು ತುಂಡು ಬಾಯಿಗಿಟ್ಟುಕೊಳ್ಳುತ್ತಾರೆ. ಇದು ಚೀನದ ತಿನಿಸೆಂದು ಹಿರಿಯರು ಮಕ್ಕಳಿಗೆ ಹೇಳಿಕೊಡುವುದುಂಟು. ಅದು ಅರ್ಧ ಸತ್ಯವೂ ಅಲ್ಲ.

ಮಂಚೂರಿಯಾ ಪ್ರಾಂತಕ್ಕೂ ಈ ಖಾದ್ಯಕ್ಕೂ ಸಂಬಂಧವಿಲ್ಲ. 1970ರ ದಶಕದ ಮುಂಬಯಿಯಲ್ಲಿ ಕೋಳಿಯ ಮಂಚೂರಿಯನ್ನು ಮೊದಲು ಮಾಡಿದವರೆಂದು ನೆಲ್ಸನ್ ವಾಂಗ್ ಅವರನ್ನು ಹೆಸರಿಸುವುದು ವಾಡಿಕೆ. ಅವರು ಹುಟ್ಟಿದ್ದು ಕೋಲ್ಕತ್ತದಲ್ಲಿ. ಈ ಬಗೆಯ ಅಡುಗೆಗೆ ಹೆಸರಾದ ಕೇರಿ ಆ ನಗರದ ಟ್ಯಾಂಗ್ರಾ. ಹಕ್ಕಾ ಮನೆಮಾತಿನ ಚೀನೀ ಕುಟುಂಬಗಳು ಅಲ್ಲಿ ಚರ್ಮ ಹದಮಾಡಿ ಬದುಕಿದವು; ಸೋಯಾ ಸಾಸಿಗೆ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿಗಳನ್ನು ಧಾರಾಳವಾಗಿ ಕೂಡಿಸಿ ಈ ನೆಲದ ನಾಲಗೆಗೆ ಒಗ್ಗಿಸಿದವು.

1962ರ ಯುದ್ಧದ ವೇಳೆ ಭಾರತದ ಚೀನೀಯರಲ್ಲಿ ಸಾವಿರಾರು ಮಂದಿಯನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಈ ನೆಲದಲ್ಲೇ ಹುಟ್ಟಿದವರೂ ಅವರಲ್ಲಿದ್ದರು. ಆಮೇಲಿನ ದಶಕಗಳಲ್ಲಿ ಬಹಳಷ್ಟು ಹಕ್ಕಾ ಕುಟುಂಬಗಳು ಕೆನಡಕ್ಕೆ ಹೊರಟುಹೋದವು. ಟೊರಾಂಟೊದಲ್ಲಿ 'ಹಕ್ಕಾ' ಎಂದು ಫಲಕ ತೂಗಿದ ಹೋಟೆಲುಗಳು ಇಂದು ಬಡಿಸುವುದು ಚೀನದ ಹಕ್ಕಾ ಊಟವನ್ನಲ್ಲ, ಕೋಲ್ಕತ್ತದ ರುಚಿಯನ್ನು.

ಟ್ಯಾಂಗ್ರಾದಲ್ಲಿ ಆ ಸಮುದಾಯ ತನ್ನ ಮಕ್ಕಳಿಗಾಗಿ ನಡೆಸುತ್ತಿದ್ದ ಪೇ ಮೇ ಎಂಬ ಚೀನೀ ಶಾಲೆಯೊಂದಿತ್ತು. ವಿದ್ಯಾರ್ಥಿಗಳಿಲ್ಲದೆ ಅದು ಮುಚ್ಚಿತು. ಅದೇ ಕೇರಿಯ ಹೋಟೆಲುಗಳು ಮಾತ್ರ ಸಂಜೆಯಾದೊಡನೆ ತುಂಬುತ್ತವೆ.